ಹಡಗು ಬಂದರು ತಪ್ಪಿಸಿದರೂ ಹಣ ಮುಳುಗದಂತೆ ದಡದ ಪ್ರವಾಸ ಕಾದಿರಿಸುವುದು ಹೇಗೆ?

ರೊಬಸ್ಟಾ ಕಾಫಿ ಕೊಯ್ಲು ಮುಗಿದು ತೋಟಕ್ಕೆ ಹೂಮಳೆ ಬಿದ್ದ ಮೇಲೆ ಸಕಲೇಶಪುರ, ಮೂಡಿಗೆರೆ ಕಡೆಯ ಬೆಳೆಗಾರರಿಗೆ ಪ್ರವಾಸ ಹೊರಡಲು ಒಂದಿಷ್ಟು ಬಿಡುವು ಸಿಗುತ್ತದೆ. ಸಿಂಗಪುರದಿಂದ ಪೆನಾಂಗ್, ಪುಕೆಟ್ ಸುತ್ತಿ ಬರುವ ಕ್ರೂಸ್ ಹಡಗಿಗೆ ಟಿಕೆಟ್ ಮಾಡಿಸಿದವರು ಆಮೇಲೆ ಕೇಳುವ ಪ್ರಶ್ನೆ ಒಂದೇ: ಬಂದರಿನಲ್ಲಿ ಇಳಿದು ಊರು ನೋಡಲು ಹಡಗಿನವರ ಬಸ್ಸನ್ನೇ ಹತ್ತಬೇಕೇ, ನಾವೇ ಬೇರೆ ಗಾಡಿ ಗೊತ್ತು ಮಾಡಿಕೊಳ್ಳಬಹುದೇ?

ಧಾರಾಳವಾಗಿ ಮಾಡಿಕೊಳ್ಳಬಹುದು. ನಾಲ್ಕೈದು ಜನರ ಕುಟುಂಬಕ್ಕೆ ಅದು ಸಾಮಾನ್ಯವಾಗಿ ಅಗ್ಗವೂ ಹೌದು. ಸಸ್ಯಾಹಾರಿ ಊಟ ಸಿಗುವಲ್ಲಿ ನಿಲ್ಲಿಸಬಹುದು, ಮಂಡಿನೋವಿನ ಅಜ್ಜಿಯ ನಡಿಗೆಗೆ ತಕ್ಕಂತೆ ಸುತ್ತಬಹುದು. ಆದರೆ ಹಡಗು ಆ ಬಂದರಿಗೆ ಹೋಗದೆಯೂ ಇರಬಹುದು ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಕಾದಿರಿಸಬೇಕು. ಜೋರು ಗಾಳಿ, ದೊಡ್ಡ ಅಲೆ, ಪ್ರಯಾಣಿಕರಲ್ಲಿ ಯಾರಿಗೋ ತುರ್ತು ಚಿಕಿತ್ಸೆ, ಎಂಜಿನ್ ತೊಂದರೆ, ಬಂದರು ಕಾರ್ಮಿಕರ ಮುಷ್ಕರ ಹೀಗೆ ಯಾವುದೇ ಕಾರಣಕ್ಕೆ ಕ್ಯಾಪ್ಟನ್ ಬಂದರನ್ನು ಬಿಟ್ಟು ಮುಂದೆ ಸಾಗಬಹುದು. ಆ ಹಕ್ಕು ಟಿಕೆಟ್ಟಿನ ಕರಾರಿನಲ್ಲೇ ಇರುತ್ತದೆ. ಆಗ ಹಡಗಿನವರಿಂದ ಕೊಂಡ ಪ್ರವಾಸದ ಹಣ ನಿಮ್ಮ ಖಾತೆಗೆ ಮರಳುತ್ತದೆ. ನೀವೇ ಗೊತ್ತು ಮಾಡಿದ ಗಾಡಿಗೂ ಹಡಗಿಗೂ ಯಾವ ಸಂಬಂಧವೂ ಇಲ್ಲ.

ಮೊದಲು ಬಂದರಿನ ಸ್ವಭಾವ ನೋಡಿ

ಹಡಗು ಧಕ್ಕೆಗೆ ತಾಗಿ ನಿಲ್ಲುತ್ತದೆಯೇ, ದೂರದಲ್ಲಿ ಲಂಗರು ಹಾಕಿ ಟೆಂಡರ್ ದೋಣಿಗಳಲ್ಲಿ ಜನರನ್ನು ದಡಕ್ಕೆ ಕಳಿಸುತ್ತದೆಯೇ ಎಂದು ಕೇಳಿ ತಿಳಿಯಿರಿ. ದೋಣಿಯ ಬಂದರುಗಳೇ ಹೆಚ್ಚು ತಪ್ಪುವುದು. ಅಲೆ ಎದ್ದರೆ ಹಡಗಿನಿಂದ ದೋಣಿಗೆ ಕಾಲಿಡುವುದೇ ಅಪಾಯ. ಪುಕೆಟ್‌ನ ಪಟಾಂಗ್, ಗ್ರೀಸಿನ ಸ್ಯಾಂಟೊರಿನಿ ಈ ಜಾತಿಯವು. ಪುಕೆಟ್ ಇರುವುದು ಅಂಡಮಾನ್ ಸಮುದ್ರದ ಕಡೆ. ನಮ್ಮಲ್ಲಿ ಮುಂಗಾರು ಸುರಿಯುವ ತಿಂಗಳುಗಳಲ್ಲಿ ಅಲ್ಲಿಯೂ ನೈರುತ್ಯ ಮಾರುತವೇ ಕಡಲನ್ನು ಕಲಕುತ್ತಿರುತ್ತದೆ. ಮೇ ಕೊನೆಯ ನಂತರ ಹೋಗುವವರು ಆ ದಿನಕ್ಕೆ ಮುಂಗಡ ಕಟ್ಟದಿರುವುದೇ ಒಳ್ಳೆಯದು. ಲಕ್ಷದ್ವೀಪದಲ್ಲೂ ದೋಣಿಯನ್ನೇ ನಂಬಬೇಕು; ಜತೆಗೆ ದ್ವೀಪ ಪ್ರವೇಶಕ್ಕೆ ಪರವಾನಗಿ ಬೇಕು. ಅಲ್ಲಿ ಹಡಗಿನವರ ಪ್ರವಾಸವನ್ನೇ ತೆಗೆದುಕೊಳ್ಳಿ.

ರದ್ದತಿಯ ನಿಯಮವನ್ನು ಅಕ್ಷರಕ್ಷರ ಓದಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ‘24 ಗಂಟೆ ಮೊದಲು ರದ್ದು ಮಾಡಿದರೆ ಪೂರ್ಣ ಹಣ ವಾಪಸ್’ ಎಂಬ ಸಾಲನ್ನು ನೋಡಿ ಜನ ನಿಶ್ಚಿಂತರಾಗುತ್ತಾರೆ. ಆದರೆ ಕ್ಯಾಪ್ಟನ್ನರ ಪ್ರಕಟಣೆ ಬರುವುದು ಎಷ್ಟೋ ಸಲ ಅದೇ ದಿನ ಬೆಳಿಗ್ಗೆ, ಬಂದರಿನ ಬಾಯಿಗೆ ಬಂದು ಗಾಳಿಯ ವೇಗ ಅಳೆದ ಮೇಲೆ. ಅಷ್ಟರಲ್ಲಿ 24 ಗಂಟೆಯ ಗಡುವು ಮುಗಿದಿರುತ್ತದೆ. ನೀವು ‘ಬಾರದವರ’ ಪಟ್ಟಿಗೆ ಸೇರುತ್ತೀರಿ.

ಆದ್ದರಿಂದ ಪ್ರವಾಸ ನಡೆಸುವವರಿಗೆ ಹಡಗಿನ ಹೆಸರು, ದಿನಾಂಕ, ತಲುಪುವ ಮತ್ತು ಹೊರಡುವ ಸಮಯ ಬರೆದು ಕಳಿಸಿ, ನೇರವಾಗಿ ಕೇಳಿ: ಹಡಗು ಬಾರದೇ ಹೋದರೆ ಪೂರ್ಣ ಹಣ ಕೊಡುತ್ತೀರಾ? ಮೂರು ಗಂಟೆ ತಡವಾದರೆ ಕಾಯುತ್ತೀರಾ? ಬಂದರುಗಳ ಕ್ರಮ ಅದಲುಬದಲಾಗಿ ನಾವು ಮರುದಿನ ಬಂದರೆ ಗಾಡಿ ಸಿಗುತ್ತದೆಯೇ? ಕ್ರೂಸ್ ಪ್ರಯಾಣಿಕರನ್ನೇ ನಂಬಿ ವ್ಯವಹಾರ ಮಾಡುವವರಿಗೆ ಈ ಪ್ರಶ್ನೆಗಳು ಹೊಸವಲ್ಲ, ತಕ್ಷಣ ಒಪ್ಪುವವರು ಬಹಳಷ್ಟಿದ್ದಾರೆ. ಉತ್ತರ ಇಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಬರಹದಲ್ಲಿರಲಿ. ‘ನೋಡೋಣ, ಆಗ ಮಾತಾಡೋಣ’ ಎನ್ನುವವರನ್ನು ಬಿಟ್ಟುಬಿಡಿ.

ಪ್ರವಾಸ ಮುಗಿದ ಮೇಲೆ ಹಣ ಕೊಡುವ ವ್ಯವಸ್ಥೆ ಎಲ್ಲಕ್ಕಿಂತ ಉತ್ತಮ. ಮುಂಗಡ ಬೇಕೆಂದರೆ ಸಣ್ಣ ಮೊತ್ತವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ. ಪೂರ್ಣ ಮೊತ್ತ ಮರಳಿದರೂ ವಿನಿಮಯ ದರದ ಏರುಪೇರಿನಲ್ಲಿ ಸ್ವಲ್ಪ ಕಳೆಯಬಹುದು ಎಂಬುದು ನೆನಪಿರಲಿ.

ದೂರ ಮತ್ತು ಗಡಿಯಾರ

ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಕ್ರೂಸ್ ಹಡಗುಗಳ ವಿದೇಶಿಯರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡಿ ಮರಳುತ್ತಾರೆ. ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದರೂ, ಬೆಳಿಗ್ಗೆ ಬಂದು ಸಂಜೆ ಹೊರಡುವ ಹಡಗಿನವರು ಘಾಟಿ ಹತ್ತಿ ಇಲ್ಲಿಗೆ ಬರುವುದು ದುಸ್ಸಾಹಸವೇ. ಶಿರಾಡಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಏನಾಗುತ್ತದೆಂದು ಹಾಸನದವರಿಗೆ ಹೇಳಬೇಕಿಲ್ಲ. ಪರದೇಶದಲ್ಲೂ ಅದೇ ಲೆಕ್ಕ ಹಾಕಿ. ರೋಮ್ ನಗರ ತನ್ನ ಕ್ರೂಸ್ ಬಂದರು ಚಿವಿಟಾವೆಕ್ಕಿಯಾದಿಂದ ಸುಮಾರು 70 ಕಿ.ಮೀ. ದೂರ, ಲ ಹಾವ್ರ್‌ನಿಂದ ಪ್ಯಾರಿಸ್ ಸುಮಾರು 200 ಕಿ.ಮೀ. ಅಷ್ಟು ದೂರಕ್ಕೆ ನಾನಾದರೆ ಹಡಗಿನವರ ಬಸ್ಸನ್ನೇ ಆರಿಸುತ್ತೇನೆ. ಅವರ ಬಸ್ ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಅವರೇ ತಲುಪಿಸುತ್ತಾರೆ. ನಿಮ್ಮ ಟ್ಯಾಕ್ಸಿಗಾಗಿ ಹಡಗು ಕಾಯುವುದಿಲ್ಲ.

ಪೆನಾಂಗ್‌ಗಿಂತ ಪುಕೆಟ್‌ನ ಸಮಯ ಒಂದು ಗಂಟೆ ಹಿಂದೆ. ಹಡಗಿನ ಗಡಿಯಾರ ಬದಲಾಗದೇ ಇದ್ದು, ಮೊಬೈಲ್ ತಾನಾಗಿ ಸ್ಥಳೀಯ ಸಮಯಕ್ಕೆ ಹೊರಳಿದರೆ ಕೆಲಸ ಕೆಟ್ಟಿತು. ಇಳಿಯುವ ಮುನ್ನ ಹಡಗಿನ ಸಮಯವನ್ನು ಕೈಗಡಿಯಾರದಲ್ಲಿ ಇಟ್ಟುಕೊಳ್ಳಿ. ‘ಎಲ್ಲರೂ ಹಡಗೇರಬೇಕಾದ ಸಮಯ’ಕ್ಕಿಂತ ಎರಡು ಗಂಟೆ ಮೊದಲೇ ಬಂದರಿಗೆ ಬಿಡಬೇಕೆಂದು ಚಾಲಕನಿಗೆ ತಿಳಿಸಿ. ಪಾಸ್‌ಪೋರ್ಟ್ ಹಡಗಿನವರ ಬಳಿ ಇದ್ದರೆ ಅದರ ಪ್ರತಿ, ವೀಸಾದ ಪ್ರತಿ, ಬಂದರಿನಲ್ಲಿರುವ ಹಡಗಿನ ಏಜೆಂಟರ ಫೋನ್ ಸಂಖ್ಯೆ, ನಿತ್ಯದ ಮಾತ್ರೆಗಳು ಜತೆಗಿರಲಿ.

ಪ್ರಕಟಣೆ ಬಂದೇಬಿಟ್ಟರೆ

ಮೊದಲ ಕೆಲಸ ಪ್ರವಾಸದವರಿಗೆ ಸಂದೇಶ ಕಳಿಸುವುದು. ನಡುಗಡಲಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹಡಗಿನ ವೈಫೈಗೆ ಒಂದು ದಿನದ ಹಣ ಕೊಡುವುದು ಆಗ ದುಬಾರಿ ಎನಿಸಬಾರದು. ಕ್ಯಾಬಿನ್‌ಗೆ ಬರುವ ಪತ್ರ ಅಥವಾ ಹಡಗಿನ ಆ್ಯಪ್‌ನ ಸೂಚನೆಯ ಚಿತ್ರ ತೆಗೆದು ಲಗತ್ತಿಸಿ. ಎರಡೂ ಇಲ್ಲದಿದ್ದರೆ ಸ್ವಾಗತ ಕೌಂಟರಿನಲ್ಲಿ ಕೇಳಿ ಬರಹದಲ್ಲಿ ಪಡೆಯಿರಿ. ಬಂದರು ತಪ್ಪಿದ್ದಕ್ಕೆ ಪರಿಹಾರ ನೀಡುವ ಪ್ರಯಾಣ ವಿಮೆ ನಿಮ್ಮಲ್ಲಿದ್ದರೆ ಅವರು ಕೇಳುವುದೂ ಇದೇ ಕಾಗದವನ್ನು. ತಪ್ಪಿದ ಬಂದರಿನ ತೆರಿಗೆ, ಶುಲ್ಕವನ್ನು ಕಂಪನಿಗಳು ಸಾಮಾನ್ಯವಾಗಿ ಹಡಗಿನ ಖರ್ಚಿನ ಖಾತೆಗೆ ಜಮಾ ಮಾಡುತ್ತವೆ. ಕೊನೆಯ ರಾತ್ರಿ ಬಿಲ್ ನೋಡುವಾಗ ಅದು ಬಂದಿದೆಯೇ ಎಂದು ಪರಿಶೀಲಿಸಿ. ಹಡಗಿನಿಂದ ಇಳಿದು ಹಾಸನಕ್ಕೆ ಬಂದ ಮೇಲೆ ಕೇಳಿ ಪಡೆಯುವುದು ತುಂಬಾ ಕಷ್ಟ.