ಕತ್ತರಿ ಬಿದ್ದ ಮಧ್ಯಾಹ್ನ

ತುಮಕೂರಿನಲ್ಲಿ ನಾನು 30 ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೇನೆ. ವಯಸ್ಸು 59. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಬಲಗಡೆ ಸೊಂಟದ ಕೀಲು ಬದಲಾಯಿಸಿದರು. ಕೀಲಿನೊಳಗಿನ ಬಾಲ್ ಪೂರ್ತಿ ಸವೆದುಹೋಗಿತ್ತು. ಅದೇ ಕಾಲಲ್ಲಿ ಎರಡು ವರ್ಷ ನೋವು ನುಂಗಿಕೊಂಡು ಮಷಿನ್ ತುಳಿದಿದ್ದೆ.

ಆಪರೇಷನ್ ಚೆನ್ನಾಗಿ ಆಯಿತು. ಮಾರನೇ ದಿನವೇ ವಾಕರ್ ಕೊಟ್ಟು ನಿಲ್ಲಿಸಿದರು. ಐದನೇ ದಿನ ಮನೆಗೆ ಬಂದೆ. ಗಾಯದ ನೋವಿತ್ತು, ಆದರೆ ಆ ಹಳೇ ಕೊರೆಯುವ ನೋವು ಹೋಗೇಬಿಟ್ಟಿತ್ತು. ಖುಷಿ ಆಗಬೇಕಿತ್ತು ಅಲ್ವಾ? ಎರಡನೇ ವಾರ ಶುರುವಾಗುವ ಹೊತ್ತಿಗೆ ಮನಸ್ಸು ಕುಗ್ಗತೊಡಗಿತು. ಕಾಲಿನ ಬಗ್ಗೆ ಎಲ್ಲರೂ ಎಲ್ಲವನ್ನೂ ಹೇಳಿಕೊಟ್ಟಿದ್ದರು. ಹೀಗೂ ಆಗಬಹುದು ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸುಸ್ತು ಅಂದುಕೊಂಡೆ. ಬೆಳಗ್ಗೆ ಎಚ್ಚರ ಆದರೂ ಕಣ್ಣು ಬಿಡಲು ಮನಸ್ಸಾಗುತ್ತಿರಲಿಲ್ಲ. ಸೊಸೆ ತಟ್ಟೆ ತಂದರೆ ಎರಡು ತುತ್ತಿಗೆ ಸಾಕು ಅನ್ನುತ್ತಿದ್ದೆ. ಮೊಮ್ಮಗಳು ಸ್ಕೂಲಿನಿಂದ ಬಂದು ಏನೋ ಹೇಳುತ್ತಿದ್ದಳು. ನಾನು ಸುಮ್ನೆ ತಲೆ ಆಡಿಸುತ್ತಿದ್ದೆ, ಒಂದೂ ತಲೆಗೆ ಹೋಗುತ್ತಿರಲಿಲ್ಲ. ರಾತ್ರಿ ಇನ್ನೂ ಕಷ್ಟ. ನಾನು ಮೊದಲಿಂದಲೂ ಮಗ್ಗುಲಾಗಿ ಮಲಗುವವಳು. ಈಗ ಎರಡು ಕಾಲಿನ ನಡುವೆ ದಿಂಬು ಇಟ್ಟುಕೊಂಡು ಅಂಗಾತ ಮಲಗಬೇಕು. ಎರಡು ಗಂಟೆಗೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ.

ಆಸ್ಪತ್ರೆಯಲ್ಲಿ ಒಂದು ಚೀಟಿ ಕೊಟ್ಟಿದ್ದರು. ಸೊಂಟ 90 ಡಿಗ್ರಿಗಿಂತ ಜಾಸ್ತಿ ಬಗ್ಗಬಾರದು. ಕಾಲ ಮೇಲೆ ಕಾಲು ಹಾಕಬಾರದು. ಪಾದ ಒಳಕ್ಕೆ ತಿರುಗಿಸಬಾರದು. ಹೊಸ ಕೀಲು ಜಾರಬಹುದು, ಅದಕ್ಕೆ. ಓದುವಾಗ ಮೂರೇ ಮೂರು ಮಾತು. ಆದರೆ ನಮ್ಮ ಬದುಕು ಇರೋದೇ ನೆಲದ ಮೇಲೆ. ಬಟ್ಟೆ ಹಾಸಿ ಗುರುತು ಹಾಕೋದು ನೆಲದಲ್ಲಿ. ದೇವರ ಮುಂದೆ ಮಣೆ ಹಾಕಿಕೊಳ್ಳೋದು ನೆಲದಲ್ಲಿ. ರಂಗೋಲಿ ನೆಲದಲ್ಲಿ. ಮೊಮ್ಮಗಳಿಗೆ ತುತ್ತು ಹಾಕಿಕೊಡೋದೂ ಚಕ್ಕಲಮಕ್ಕಲ ಹಾಕಿ ಕೂತೇ. ಒಂದು ಚೀಟಿಯಲ್ಲಿ ಇವೆಲ್ಲ ಹೋಗಿಬಿಟ್ಟವು. ಮಂಚದ ಎದುರಿಗೇ ನನ್ನ ಮಷಿನ್ ಇತ್ತು, ಧೂಳು ಕೂರಬಾರದು ಅಂತ ಹಳೇ ಬೆಡ್‌ಶೀಟ್ ಹೊದಿಸಿದ್ದರು. ಅದನ್ನು ನೋಡಲಾಗದೆ ಮುಖ ಗೋಡೆ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ಅದು ಮದುವೆ ಸೀಸನ್ ಬೇರೆ. ನನ್ನ ಹತ್ತಿರ ಬರುವವರೆಲ್ಲ ಬೇರೆ ಕಡೆ ಬ್ಲೌಸ್ ಕೊಡುತ್ತಿದ್ದಾರೆ ಅನ್ನೋದು ಗೊತ್ತಿತ್ತು.

ನೋಡಲು ಬಂದವರು ಪ್ರೀತಿಯಿಂದಲೇ ಹೇಳುತ್ತಿದ್ದರು, "ನೋವು ಹೋಯ್ತಲ್ಲ, ಇನ್ನೇನು ಯೋಚನೆ? ಧೈರ್ಯವಾಗಿರಿ." ಅದನ್ನು ಕೇಳಿದ ಮೇಲೆ ಬಾಯಿ ಬಿಡಲು ನಾಚಿಕೆ ಆಗುತ್ತಿತ್ತು. ಮಗ ಅಷ್ಟು ದುಡ್ಡು ಹಾಕಿದ್ದಾನೆ, ಸೊಸೆ ರಜ ಹಾಕಿ ನೋಡಿಕೊಂಡಿದ್ದಾಳೆ, ಈಗ ನಾನು ಅಳುತ್ತಾ ಕೂತರೆ ಚೆನ್ನಾಗಿರುತ್ತಾ ಅಂತ ಒಳಗೇ ಇಟ್ಟುಕೊಂಡೆ.

ಮನೆಗೆ ಬಂದು 19ನೇ ದಿನ. ಯಜಮಾನರು ಬ್ಯಾಂಕಿಗೆ ಹೋಗಿದ್ದರು, ಸೊಸೆ ಕೆಲಸಕ್ಕೆ. ನೈಟಿಯಲ್ಲಿ ಒಂದು ದಾರ ಎದ್ದಿತ್ತು. ವಾಕರ್ ಹಿಡಿದು ಹೋಗಿ ಮಷಿನ್ ಡ್ರಾಯರಿನಿಂದ ಕತ್ತರಿ ತಂದೆ. ಮಂಚದ ಮೇಲೆ ಕೂರುವಾಗ ಅದು ಕೈ ಜಾರಿ ಬಿತ್ತು. ನನ್ನ ದೊಡ್ಡ ಕತ್ತರಿ, ಬಟ್ಟೆ ಕತ್ತರಿಸೋದು. ಅದನ್ನು ಯಾರಿಗೂ ಮುಟ್ಟಲು ಬಿಟ್ಟವಳಲ್ಲ ನಾನು. ಕತ್ತರಿ ಕೆಳಗೆ ಬಿದ್ದರೆ ಟೈಲರ್‌ಗಳು ತಕ್ಷಣ ಎತ್ತಿ ಎರಡು ಸಲ ಗಾಳಿಯಲ್ಲಿ ಆಡಿಸಿ ನೋಡುತ್ತೇವೆ, ಅಲಗು ಕೂಡುತ್ತಾ ಇಲ್ವಾ ಅಂತ. ಅದು ನನ್ನ ಪಾದದಿಂದ ಒಂದು ಗೇಣು ದೂರದಲ್ಲಿ, ಬಾಯಿ ತೆರೆದುಕೊಂಡು ಬಿದ್ದಿತ್ತು. ಬಗ್ಗುವ ಹಾಗಿಲ್ಲ. ವಾಕರಿನ ಕಾಲಿನಿಂದ ಎಳೆಯಲು ಹೋದೆ. ಅದು ಇನ್ನೂ ಒಳಕ್ಕೆ, ಮಂಚದ ಕೆಳಗೆ ಸರಿಯಿತು. ಹಿಡಿಯ ತುದಿ ಮಾತ್ರ ಕಾಣುತ್ತಿತ್ತು. ಅದನ್ನೇ ನೋಡುತ್ತಾ ಸೊಸೆ ಬರುವವರೆಗೂ ಕೂತಿದ್ದೆ. ಒಂದು ಗಂಟೆ ಮೇಲಾಗಿತ್ತು.

ಅವಳು ಬಂದು ಕತ್ತರಿ ಎತ್ತಿ ಕೈಗೆ ಕೊಟ್ಟಳು. ನಾನು ಅಳತೊಡಗಿದೆ.

"ಅತ್ತೆ, ಕತ್ತರಿಗೆ ಏನೂ ಆಗಿಲ್ಲ, ನೋಡಿ ಬೇಕಾದ್ರೆ."

"ಕತ್ತರಿಗಲ್ಲ ಕಣಮ್ಮ. ನಾನು ಇದ್ದೇನು ಪ್ರಯೋಜನ ಅನ್ಸುತ್ತೆ."

ಅವಳು ಧೈರ್ಯ ಹೇಳಲಿಲ್ಲ. ಪಕ್ಕದಲ್ಲಿ ಕೂತು, "ಎಷ್ಟು ದಿನದಿಂದ ಹೀಗನ್ಸುತ್ತೆ ಅತ್ತೆ?" ಅಂತ ಕೇಳಿದಳು. ಆ ಒಂದು ಪ್ರಶ್ನೆ ನನ್ನ ಪಾಲಿಗೆ ದೊಡ್ಡದು. ಮಾರನೇ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಗಾಯ ನೋಡಿದ ಮೇಲೆ ನಿದ್ದೆ, ಹಸಿವು, ಯಾವುದರಲ್ಲಾದರೂ ಆಸೆ ಉಳಿದಿದೆಯಾ ಅಂತ ಒಂದೊಂದಾಗಿ ಕೇಳಿದರು. ಸಾಯಬೇಕು ಅನ್ನಿಸಿದೆಯಾ ಅಂತಲೂ ನೇರವಾಗಿ ಕೇಳಿದರು. ಸಾಯುವ ಯೋಚನೆ ಬಂದಿಲ್ಲ, ಇದ್ದೂ ಏನು ಅನ್ನಿಸಿದೆ ಅಂದೆ. ದೊಡ್ಡ ಆಪರೇಷನ್ ಆದ ಮೇಲೆ ಎಷ್ಟೋ ಜನಕ್ಕೆ ಹೀಗಾಗುತ್ತೆ, ಆದರೆ ಎರಡು ವಾರ ದಿನವಿಡೀ ಹೀಗೇ ಇದ್ದರೆ ಹೇಳಲೇಬೇಕು, ಸಾಯುವ ಯೋಚನೆ ಬಂದರೆ ಅವತ್ತೇ ಹೇಳಬೇಕು ಅಂದರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.1ಕ್ಕೆ ಇಳಿದಿತ್ತು. ಆಪರೇಷನ್‌ನಲ್ಲಿ ರಕ್ತ ಹೋಗಿರುತ್ತೆ, ಸುಸ್ತಿಗೆ ಅದೂ ಒಂದು ಕಾರಣ. ಕಬ್ಬಿಣದ ಮಾತ್ರೆ ಕೊಟ್ಟು, ಕಾಫಿ ಟೀ ಜೊತೆ ತಗೋಬೇಡಿ ಅಂದರು. ರಾತ್ರಿ ನೋವಿಗೆ ಕೊಟ್ಟಿದ್ದ ಟ್ರಾಮಡಾಲ್‌ನಿಂದ ಕೆಲವರಿಗೆ ತಲೆ ಮಂಕಾಗುತ್ತೆ, ಮಲ ಕಟ್ಟುತ್ತೆ ಅಂತ ಅದನ್ನು ಬದಲಾಯಿಸಿದರು. ನಾವಾಗೇ ನಿಲ್ಲಿಸಬಾರದು ಇಂಥದ್ದನ್ನು, ಕೇಳಿಯೇ ಮಾಡಬೇಕು. ನನಗೆ ಮನಸ್ಸಿಗೆ ಅಂತ ಬೇರೆ ಮಾತ್ರೆ ಬೇಕಾಗಲಿಲ್ಲ. ಬೇಕು ಅಂದಿದ್ದರೆ ತಗೋತಿದ್ದೆ, ಬಿಪಿಗೆ ತಗೋತೀನಲ್ಲ ಹಾಗೆ.

ಹೊರಡುವಾಗ ಒಂದು ನಂಬರ್ ಬರೆದುಕೊಟ್ಟರು: 14416. ಟೆಲಿ ಮಾನಸ್ ಅಂತ, ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ಸಲ ರಿಂಗ್ ಆಗುತ್ತಲೇ ಇಟ್ಟುಬಿಟ್ಟೆ. ಎರಡನೇ ಸಲ ಒಬ್ಬ ಹುಡುಗಿ ಮಾತಾಡಿದಳು. "ಆಪರೇಷನ್‌ಗೆ ಮುಂಚೆ ನಿಮ್ಮ ದಿನ ಹೇಗಿರ್ತಿತ್ತಮ್ಮ?" ಅಂದಳು. ನಾನು ಹತ್ತು ನಿಮಿಷ ಹೇಳಿದೆ. ಪೂರ್ತಿ ಕೇಳಿ, "ಇದ್ರಲ್ಲಿ ಕುರ್ಚಿ ಮೇಲೆ ಕೂತ್ಕೊಂಡೇ ಮಾಡೋಕಾಗೋದು ಯಾವ್ದಿದೆ?" ಅಂದಳು.

ಅವತ್ತು ರಾತ್ರಿ ಎರಡು ಗಂಟೆಗೆ ಎಚ್ಚರ ಆದಾಗ ಅದನ್ನೇ ಯೋಚಿಸಿದೆ. ಸೀರೆಗೆ ಕುಚ್ಚು ಕಟ್ಟೋದು!

ಬೆಳಗ್ಗೆ ಯಜಮಾನರು ಎತ್ತರದ ಮರದ ಕುರ್ಚಿಗೆ ಗಟ್ಟಿ ದಿಂಬು ಹಾಕಿ, ಮಂಡಿ ಸೊಂಟಕ್ಕಿಂತ ಕೆಳಗೇ ಇದೆಯಾ ನೋಡಿ, ಜಗುಲಿಯ ಎಳೆಬಿಸಿಲಲ್ಲಿ ಕೂರಿಸಿದರು. ನನ್ನದೇ ಒಂದು ಸೀರೆಯ ಸೆರಗನ್ನು ರಟ್ಟಿಗೆ ಪಿನ್ ಮಾಡಿಕೊಂಡೆ. ರೇಷ್ಮೆ ದಾರ ಎಳೆ ಎಣಿಸಿ, ಸೂಜಿಯಲ್ಲಿ ತೂರಿಸಿ, ಮಡಚಿ, ಕತ್ತಿನ ಹತ್ತಿರ ಜರಿ ದಾರ ಬಿಗಿದು ಗಂಟು ಹಾಕಿ, ತುದಿ ಸಮ ಮಾಡೋದು. ಇಪ್ಪತ್ತು ನಿಮಿಷಕ್ಕೆ ನಾಲ್ಕೇ ಕುಚ್ಚು. ಆದರೆ ಆ ಇಪ್ಪತ್ತು ನಿಮಿಷ ನನಗೆ ಕಾಲು ನೆನಪಿಗೇ ಬರಲಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ ಬಾ ಅಂತ ಫಿಸಿಯೋ ಹುಡುಗಿ ಹೇಳಿದ್ದಳು. ಒಂದು ಸಾಲು ಕುಚ್ಚು, ಒಂದು ಸುತ್ತು ನಡಿಗೆ ಅಂತ ಮಾಡಿಕೊಂಡೆ.

ಮುಂದಿನ ವಾರ ಪಕ್ಕದ ಮನೆಯವರು ಸೀರೆ ತಂದು, "ಶುಕ್ರವಾರಕ್ಕೆ ಬೇಕು, ಆಗುತ್ತಾ ಅಕ್ಕ?" ಅಂದರು. ನನ್ನನ್ನು ಎಬ್ಬಿಸಿ ಕೂರಿಸಿದ್ದು ಆ ಮಾತು. ಮಲಗಿದವರಿಗೆ ರೆಸ್ಟ್ ಮಾಡಿ, ಟಿವಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಕೇಳಿದರೆ, ಅವರ ಕೈಲಾಗುವ ಒಂದು ಕೆಲಸ ಕೊಟ್ಟು, ಅದಕ್ಕಾಗಿ ಕಾಯಿರಿ. ಬೀನ್ಸ್ ಬಿಡಿಸೋದಾದರೂ ಸರಿ.

ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ದಿನಾ ಒಂದು ಸಾಲು ಬರೆದೆ. ಎಷ್ಟು ಹೆಜ್ಜೆ, ಮನಸ್ಸು ಹೇಗೆ. ಮನಸ್ಸಿಗೆ ನಮ್ಮ ಟೈಲರ್ ಭಾಷೆಯಲ್ಲೇ ಬರೆದೆ: ಬಿಗಿ, ಪರವಾಗಿಲ್ಲ, ಸರಿ. ಮೊದಲ ಪುಟ ಪೂರ್ತಿ ಬಿಗಿ. ತಿರುಗಿ ನೋಡಿದರೆ ನಿದ್ದೆಗೆಟ್ಟ ಮಾರನೇ ದಿನ ಬಿಗಿ, ಬಿಸಿಲಿಗೆ ಹೋಗದ ದಿನ ಬಿಗಿ. ಏಳನೇ ವಾರ ಹುಮ್ಮಸ್ಸಿನಲ್ಲಿ ಜಾಸ್ತಿ ನಡೆದು ಕಾಲು ನೋವು ತಂದುಕೊಂಡೆ. ಆಗ ಮತ್ತೆ ಮೂರು ದಿನ ಬಿಗಿ. ಎಲ್ಲ ಹಾಳಾಯಿತು ಅಂತ ಭಯ ಆಯಿತು. ಹಿಂದಿನ ಪುಟ ತೆಗೆದು ನೋಡಿದೆ. ಅಲ್ಲಿ ಹದಿನೈದು ದಿನ ಒಂದೇ ಸಮ ಬಿಗಿ ಇತ್ತು, ಇದು ಮೂರೇ ದಿನ. ಸಮಾಧಾನ ಆಯಿತು.

ಯಜಮಾನರು ಹಳೇ ಸ್ಪೀಕರಿನ ಅಯಸ್ಕಾಂತವನ್ನು ಉದ್ದ ಕೋಲಿನ ತುದಿಗೆ ಕಟ್ಟಿಕೊಟ್ಟಿದ್ದಾರೆ. ಸೂಜಿ, ಪಿನ್, ಕತ್ತರಿ ಏನು ಬಿದ್ದರೂ ನಾನೇ ಎತ್ತಿಕೊಳ್ಳುತ್ತೇನೆ. ಮೂರು ತಿಂಗಳಾದ ಮೇಲೆ ಡಾಕ್ಟರನ್ನು ಕೇಳಿ ಮಷಿನ್‌ಗೆ ಮೋಟಾರ್ ಹಾಕಿಸಿದೆ, ಪೆಡಲ್ ಎಡಗಾಲಿಗೆ ಇಟ್ಟುಕೊಂಡಿದ್ದೇನೆ. ಬೆಡ್‌ಶೀಟ್ ತೆಗೆದು ಒಗೆಯಲು ಹಾಕಿದೆ. ನೆಲದಲ್ಲಿ ಕೂರಲು ಆಗುವುದಿಲ್ಲ, ಅದಕ್ಕೆ ಈಗಲೂ ಒಮ್ಮೊಮ್ಮೆ ಸಂಕಟ ಆಗುತ್ತೆ. ಬಟ್ಟೆ ಹಾಸಿ ಕತ್ತರಿಸೋದು ಊಟದ ಟೇಬಲ್ ಮೇಲೆ. ಮಧ್ಯಾಹ್ನ ಒಂದೂವರೆಗೆ ಸೊಸೆ ತಟ್ಟೆ ಹಿಡಿದು ನಿಂತು, "ಅತ್ತೆ, ಇನ್ನೆಷ್ಟು ಬ್ಲೌಸಿದೆ?" ಅನ್ನುತ್ತಾಳೆ.