ಊರಿನಲ್ಲಿ ಶ್ವಾಸಕೋಶದ ಅರಿವಿನ ಸಭೆ ನಡೆಸುವುದು ಹೇಗೆ?

ನವೆಂಬರ್ ತಿಂಗಳ ಮೂರನೆಯ ಬುಧವಾರ ವಿಶ್ವ ಸಿಒಪಿಡಿ ದಿನ. 2002ರಿಂದ ಇದರ ಆಚರಣೆ ನಡೆದುಬಂದಿದೆ. ಶ್ವಾಸನಾಳಗಳು ಕಿರಿದಾಗಿ, ಶ್ವಾಸಕೋಶದ ಗಾಳಿಚೀಲಗಳು ಹಾಳಾಗಿ, ಒಳಗೆ ಹೋದ ಗಾಳಿ ಸಲೀಸಾಗಿ ಹೊರಬಾರದಿರುವ ದೀರ್ಘಕಾಲದ ಕಾಯಿಲೆಯೇ ಸಿಒಪಿಡಿ. ಮಂಡ್ಯದ ಹಳ್ಳಿಗಳಲ್ಲಿ ಇದನ್ನು ದಮ್ಮು, ಗೂರಲು ಎಂದೋ, ‘ವಯಸ್ಸಾಯಿತಲ್ಲ’ ಎಂದೋ ಹೇಳಿ ಸುಮ್ಮನಾಗುವವರೇ ಹೆಚ್ಚು. ಬ್ಯಾನರ್ ಹಿಡಿದು ಜಾಥಾ ಹೊರಡುವುದರಿಂದ ಇಂಥವರಿಗೆ ಆಗುವ ಉಪಯೋಗ ಕಡಿಮೆ. ಏದುಸಿರು ಬಿಡುತ್ತಿರುವವರನ್ನು ಗುರುತಿಸಿ, ಕೊಳವೆಯೊಳಗೆ ಊದಿಸಿ ಉಸಿರನ್ನು ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯವರೆಗೆ ತಲುಪಿಸುವ ಚಿಕ್ಕ ಸಭೆಯೇ ಮೇಲು.

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಕಂಡು, ಸ್ಪೈರೋಮೆಟ್ರಿ ಹತ್ತಿರದಲ್ಲಿ ಎಲ್ಲಿ, ಯಾವ ದಿನ ನಡೆಯುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಇದು ಗೊತ್ತಾಗದೆ ಸಭೆ ಕರೆಯಬೇಡಿ. ಕಾಯಿಲೆಯ ಭಯ ಹುಟ್ಟಿಸಿ ದಾರಿ ತೋರಿಸದಿರುವುದು ಸರಿಯಲ್ಲ. ಆಶಾ ಕಾರ್ಯಕರ್ತೆಯನ್ನೂ ಸ್ತ್ರೀಶಕ್ತಿ ಸಂಘದವರನ್ನೂ ಆರಂಭದಿಂದಲೇ ಜೊತೆಗೆ ಸೇರಿಸಿಕೊಳ್ಳಿ. ಸಂಜೆ ಡೇರಿಗೆ ಹಾಲು ಹಾಕಲು ಜನ ಬರುವ ಹೊತ್ತು ಸಭೆಗೆ ಅನುಕೂಲ.

ಸಭೆಯಲ್ಲಿ ಭಾಷಣಕ್ಕಿಂತ ಪ್ರಶ್ನೆಗಳಿಗೆ ಹೆಚ್ಚು ಸಮಯ ಕೊಡಿ. ‘ಸಮತಟ್ಟಾದ ದಾರಿಯಲ್ಲಿ ನಿಮ್ಮ ವಯಸ್ಸಿನವರ ಜೊತೆ ನಡೆಯುವಾಗ ಉಸಿರು ಸಾಲದೆ ಹಿಂದೆ ಬೀಳುತ್ತೀರಾ? ನೂರು ಮೀಟರ್ ನಡೆಯುವುದರೊಳಗೆ ನಿಲ್ಲಬೇಕಾಗುತ್ತದೆಯೇ?’ ಎಂದು ಕೇಳಿ. ವರ್ಷಕ್ಕೆ ಕನಿಷ್ಠ ಮೂರು ತಿಂಗಳು ಕಫದ ಕೆಮ್ಮು ಇದ್ದು, ಅದು ಸತತ ಎರಡು ವರ್ಷ ಮರುಕಳಿಸಿದ್ದರೆ ದೀರ್ಘಕಾಲದ ಬ್ರಾಂಕೈಟಿಸ್, ಅಂದರೆ ಶ್ವಾಸನಾಳಗಳ ಉರಿಯೂತ, ಇರಬಹುದು.

ಬೀಡಿ, ಸಿಗರೇಟಿನ ಪ್ರಶ್ನೆಯನ್ನು ಯಾರೂ ಮರೆಯುವುದಿಲ್ಲ. ಮರೆತುಹೋಗುವುದು ಒಲೆಯ ಪ್ರಶ್ನೆ. ಬೀಡಿಯನ್ನು ಮುಟ್ಟದ ಹೆಂಗಸರಿಗೂ ಈ ಕಾಯಿಲೆ ಬರುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ‘ಅಡುಗೆ ಯಾವುದರಲ್ಲಿ?’ ಎಂದು ಕೇಳಿದರೆ ಗ್ಯಾಸ್ ಎಂಬ ಉತ್ತರ ಬರುತ್ತದೆ, ಆದರೆ ಅದೇ ಮನೆಯಲ್ಲಿ ಸ್ನಾನದ ನೀರಿನ ಹಂಡೆಗೂ ಮುದ್ದೆಯ ಎಸರಿಗೂ ಸೌದೆಯೇ ಉರಿಯುತ್ತಿರಬಹುದು; ಆದ್ದರಿಂದ ಎಲ್ಲ ಒಲೆಗಳ ಬಗ್ಗೆಯೂ ಬಿಡಿಬಿಡಿಯಾಗಿ ಕೇಳಿ. ಇದಕ್ಕೆ ಒಂದು ಸುಲಭ ಲೆಕ್ಕವಿದೆ: ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಕುಳಿತಿರುತ್ತಾರೋ ಅದನ್ನು ಅಂಥ ಅಡುಗೆಯ ವರ್ಷಗಳಿಂದ ಗುಣಿಸಬೇಕು. ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಧೂಮಪಾನ ಮಾಡದ ಮಹಿಳೆಯರನ್ನು ಕುರಿತು ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವು, ಈ ಗುಣಲಬ್ಧ 60 ಮುಟ್ಟಿದಾಗ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಗಮನಾರ್ಹವಾಗುತ್ತದೆ ಎಂದು ಕಂಡುಕೊಂಡಿತು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಒಲೆ ಊದಿದವರು ಆ ಗಡಿಯಲ್ಲಿರುತ್ತಾರೆ. ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ಹಾಕುವವರನ್ನೂ, ಗದ್ದೆಯಲ್ಲಿ ತರಗು ಸುಡುವವರನ್ನೂ ಅವರ ಕೆಲಸದ ಬಗ್ಗೆ ವಿಚಾರಿಸಿ.

ಎರಡು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ ಅಥವಾ ತೂಕ ಇಳಿಕೆ ಕಂಡುಬಂದರೆ ಕ್ಷಯವಿದೆಯೇ ಎಂದು ತಿಳಿಯಲು ಮೊದಲು ಕಫ ಪರೀಕ್ಷೆ ಆಗಬೇಕು.

ಉಳಿದ ಅನುಮಾನಿತರಿಗೆ ಸ್ಪೈರೋಮೆಟ್ರಿ ಏನೆಂಬುದನ್ನು ಮುಂಚೆಯೇ ತಿಳಿಸಿದರೆ ಅಂಜಿಕೆ ಕಡಿಮೆಯಾಗುತ್ತದೆ. ಸೂಜಿಯಿಲ್ಲ, ರಕ್ತ ತೆಗೆಯುವುದಿಲ್ಲ. ಎದೆ ತುಂಬ ಉಸಿರೆಳೆದು ಕೊಳವೆಯೊಳಗೆ ಜೋರಾಗಿ, ಶ್ವಾಸ ಪೂರ್ತಿ ಖಾಲಿಯಾಗುವವರೆಗೆ ಊದಬೇಕು. ಬಳಿಕ ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟು ಸುಮಾರು ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಔಷಧದ ನಂತರ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿಯು ಒಟ್ಟು ಊದಿದ ಗಾಳಿಯ ಶೇಕಡ 70ಕ್ಕಿಂತ ಕಡಿಮೆಯಿದ್ದು, ಲಕ್ಷಣಗಳೂ ಹೊಂದಿಕೆಯಾದರೆ, ವೈದ್ಯರು ಸಿಒಪಿಡಿ ಎಂದು ನಿರ್ಣಯಿಸುತ್ತಾರೆ. ಎಕ್ಸ್‌ರೇ ಚೆನ್ನಾಗಿದೆಯೆಂದು ಈ ಪರೀಕ್ಷೆಯನ್ನು ತಪ್ಪಿಸಿಕೊಳ್ಳಬಾರದು, ಏಕೆಂದರೆ ಆರಂಭದ ಹಂತದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಇತ್ತೀಚೆಗೆ ಹೃದಯಾಘಾತವಾದವರು, ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ಅದನ್ನು ಮುಂದಾಗಿ ತಿಳಿಸಬೇಕು.

ಇನ್‌ಹೇಲರ್ ಹಚ್ಚಿಕೊಂಡರೆ ಚಟವಾಗುತ್ತದೆ ಎಂಬ ಮಾತು ಸಭೆಯಲ್ಲಿ ಬಂದೇ ಬರುತ್ತದೆ. ಔಷಧ ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಮಾತ್ರೆಗಿಂತ ಬಹಳ ಕಡಿಮೆ ಪ್ರಮಾಣ ಸಾಕಾಗುತ್ತದೆ, ಅದರಿಂದ ಚಟ ಹತ್ತುವುದಿಲ್ಲ ಎಂದು ವೈದ್ಯರಿಂದಲೇ ಹೇಳಿಸಿ. ಬಳಸುವ ಕ್ರಮವನ್ನು ನರ್ಸ್‌ರಿಂದ ಮಾಡಿ ತೋರಿಸಿ. ಒತ್ತಿ ಎಳೆಯುವ ಇನ್‌ಹೇಲರ್ ಆದರೆ ಉಸಿರನ್ನು ನಿಧಾನವಾಗಿ ಎಳೆದು ಹತ್ತು ಸೆಕೆಂಡು ಹಿಡಿಯಬೇಕು. ಪುಡಿಯ ಕ್ಯಾಪ್ಸೂಲ್ ಹಾಕುವ ಸಾಧನವಾದರೆ ಜೋರಾಗಿ ಎಳೆಯಬೇಕು. ಇವೆರಡನ್ನೂ ಅದಲುಬದಲು ಮಾಡಿಕೊಂಡವರಿಗೆ ಔಷಧ ಸರಿಯಾಗಿ ತಲುಪುವುದಿಲ್ಲ. ಸ್ಟೀರಾಯ್ಡ್ ಇರುವ ಇನ್‌ಹೇಲರ್ ಬಳಸಿದ ಮೇಲೆ ಬಾಯಿ ಮುಕ್ಕಳಿಸಬೇಕು.

ಬೀಡಿ ಬಿಡಲು ಬಯಸುವವರಿಗೆ 1800-11-2356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಯನ್ನು ಚೀಟಿಯಲ್ಲಿ ಬರೆದುಕೊಡಿ.

ಕೊನೆಯದಾಗಿ, ಪರೀಕ್ಷೆಗೆ ಹೋಗಬೇಕಾದವರ ಪಟ್ಟಿಯನ್ನು ಸಭೆಯಲ್ಲಿ ಓದದೆ ಆಶಾ ಕಾರ್ಯಕರ್ತೆಯ ಬಳಿ ಇಡಿ. ಒಂಟಿಯಾಗಿ ಪಟ್ಟಣದ ಆಸ್ಪತ್ರೆಗೆ ಹೋಗಲು ಹಿಂಜರಿಯುವವರೇ ಹೆಚ್ಚಾದ್ದರಿಂದ ಪರೀಕ್ಷೆಯ ದಿನ ಎಲ್ಲರನ್ನೂ ಒಂದೇ ಬಸ್ಸಿಗೆ ಹೊರಡಿಸಿ. ಒಂದು ತಿಂಗಳ ನಂತರ ಯಾರು ಹೋಗಲಿಲ್ಲ, ಯಾಕೆ ಹೋಗಲಿಲ್ಲ ಎಂಬುದನ್ನು ಅವರ ಮನೆಗೇ ಹೋಗಿ ವಿಚಾರಿಸಿ.