ಸಣ್ಣ ಹೈಬ್ರಿಡ್ ಕಾರಿಗೆ ಹಗುರ ರಿಮ್ ಮತ್ತು ಟೈರ್: ನಾನು ಆರಿಸಿದ ಬಗೆ

ನನ್ನ ಟೊಯೋಟಾ ಆಕ್ವಾ ಕಾರಿನ ನಾಲ್ಕೂ ಟೈರುಗಳು ಸವೆದು, ಟ್ರೆಡ್ಡಿನ ನಡುವೆ ಇರುವ 1.6 ಮಿಲಿಮೀಟರ್ ಎತ್ತರದ ಸೂಚಕ ದಿಬ್ಬಗಳು ಮೇಲ್ಮೈಗೆ ಸಮನಾಗುವ ಹಂತಕ್ಕೆ ಬಂದಿದ್ದವು. ಹೇಗೂ ಟೈರು ಬಿಚ್ಚಿಸಬೇಕಾಗಿದೆ, ಅದೇ ಸಮಯಕ್ಕೆ ಉಕ್ಕಿನ ರಿಮ್ಮುಗಳನ್ನೂ ತೆಗೆದು ಹಗುರವಾದ ಅಲಾಯ್ ರಿಮ್ ಹಾಕಿಸಿದರೆ ಮೈಲೇಜ್ ಏರಬಹುದಲ್ಲವೇ ಎಂಬ ಆಸೆ ನನ್ನಲ್ಲಿ ಹುಟ್ಟಿತು. ಈ ಆಸೆಗೆ ಒಂದು ಹಿನ್ನೆಲೆಯೂ ಇತ್ತು. 1999ರಲ್ಲಿ ಬಂದ ಮೊದಲ ತಲೆಮಾರಿನ ಹೋಂಡಾ ಇನ್‌ಸೈಟ್ ಕಾರಿಗೆ ಅದನ್ನು ರೂಪಿಸಿದವರು ಹಗುರವಾದ ಅಲ್ಯುಮಿನಿಯಂ ರಿಮ್ಮುಗಳನ್ನೂ 165/65 ಆರ್14 ಅಳತೆಯ (ಅಗಲ 165 ಮಿಲಿಮೀಟರ್, ಪಕ್ಕದ ಎತ್ತರ ಅಗಲದ ಶೇಕಡಾ 65, ರಿಮ್ಮಿನ ವ್ಯಾಸ 14 ಇಂಚು) ಕಿರಿದಾದ ಟೈರುಗಳನ್ನೂ ಹಾಕಿದ್ದರು. ಹೈಬ್ರಿಡ್ ಕಾರಿನ ಚಕ್ರ ಕಿರಿದಾಗಿ ಹಗುರವಾಗಿರಬೇಕು ಎಂಬುದು ಆ ಕಾರನ್ನು ನೋಡಿದಾಗಿನಿಂದ ನನ್ನ ಮನಸ್ಸಿನಲ್ಲಿ ಕೂತಿತ್ತು.

ಮೊದಲು ಮಾಡಿದ ಕೆಲಸ ತೂಗಿ ನೋಡುವುದು. ಪ್ರಯಾಣದ ಚೀಲಗಳನ್ನು ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಇದಕ್ಕೆ ಸಾಕಾಯಿತು. ಟೈರು, ರಿಮ್, ಪ್ಲಾಸ್ಟಿಕ್ ವೀಲ್ ಕ್ಯಾಪ್ ಎಲ್ಲ ಸೇರಿ ಒಂದು ಚಕ್ರ 14.4 ಕಿಲೋಗ್ರಾಂ ತೂಗಿತು. ಟೈರು ಬಿಚ್ಚಿಸಿದ ಮೇಲೆ ಬಿಡಿಬಿಡಿಯಾಗಿ ತೂಗಿದಾಗ ಉಕ್ಕಿನ ರಿಮ್ 7.6, ಸವೆದ ಟೈರು 6.2, ಕ್ಯಾಪ್ 0.6 ಕಿಲೋಗ್ರಾಂ ಎಂದು ತಿಳಿಯಿತು. ಇಲ್ಲಿ ಎಚ್ಚರ ತಪ್ಪಿದರೆ ಲೆಕ್ಕವೇ ತಪ್ಪುತ್ತದೆ. ಅದೇ ಅಳತೆಯ, ಅದೇ ಮಾದರಿಯ ಹೊಸ ಟೈರನ್ನು ತೂಗಿಸಿದಾಗ ಅದು 7.1 ಕಿಲೋಗ್ರಾಂ ಇತ್ತು. ಅಂದರೆ ಹಳೆಯ ಟೈರು ತನ್ನ ಆಯುಷ್ಯದುದ್ದಕ್ಕೂ ಸುಮಾರು ಒಂದು ಕಿಲೋಗ್ರಾಂ ರಬ್ಬರನ್ನು ರಸ್ತೆಗೆ ಕೊಟ್ಟಿತ್ತು. ಆದ್ದರಿಂದ ಹೊಸ ಜೋಡಣೆಯನ್ನು ನಾನು ಹೋಲಿಸಬೇಕಾಗಿದ್ದದ್ದು 14.4ರೊಡನೆ ಅಲ್ಲ, 15.3ರೊಡನೆ. ಕೊನೆಗೆ ನಾನು ಆರಿಸಿದ ರಿಮ್ 5.0, ಟೈರು 6.7, ಒಟ್ಟು 11.7 ಕಿಲೋಗ್ರಾಂ; ಚಕ್ರವೊಂದಕ್ಕೆ 3.6ರಂತೆ ನಾಲ್ಕಕ್ಕೆ 14.4 ಕಿಲೋಗ್ರಾಂ ಇಳಿಯಿತು.

ಈ ಹದಿನಾಲ್ಕು ಕಿಲೋಗ್ರಾಂ ಇಳಿಕೆಯಿಂದ ಇಂಧನ ಎಷ್ಟು ಉಳಿದೀತು ಎಂಬ ಪ್ರಶ್ನೆಗೆ ಕಾಗದ, ಪೆನ್ಸಿಲ್ ಹಿಡಿದು ಕೂತದ್ದು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಉಪಯೋಗವಾದ ಒಂದು ಗಂಟೆ. ಚಕ್ರದ ತೂಕ ಕಾರಿನೊಡನೆ ಮುಂದಕ್ಕೆ ಸಾಗುವುದರ ಜೊತೆಗೆ ತನ್ನ ಸುತ್ತ ತಾನೂ ತಿರುಗುತ್ತದೆ. ಎಲ್ಲ ತೂಕವೂ ಹೊರ ಅಂಚಿನಲ್ಲೇ ಇದೆ ಎಂದುಕೊಂಡರೆ ಅದರ ಚಲನಶಕ್ತಿ ಕಾರಿನೊಳಗೆ ಇಟ್ಟ ಅಷ್ಟೇ ತೂಕದ ಚೀಲಕ್ಕಿಂತ ಎರಡು ಪಟ್ಟಾಗುತ್ತದೆ. ತೂಕ ನಡುವಿನ ಕಡೆಗೆ ಸರಿದಷ್ಟೂ ಈ ಹೆಚ್ಚಳ ಕಡಿಮೆಯಾಗುತ್ತದೆ. ನನಗೆ ಅನುಕೂಲವಾಗುವಂತೆ ಎರಡು ಪಟ್ಟೇ ಇರಲಿ ಎಂದು ಹಿಡಿದರೂ, ಗಂಟೆಗೆ 50 ಕಿಲೋಮೀಟರ್ ವೇಗಕ್ಕೆ ಏರುವಾಗ ಉಳಿಯುವುದು ಸುಮಾರು 2,800 ಜೂಲ್. ಇಬ್ಬರು ಕೂತ ಕಾರು ಒಟ್ಟು 1,200 ಕಿಲೋಗ್ರಾಂ ಎಂದಾದರೆ ಅದೇ ವೇಗದಲ್ಲಿ ಅದರ ಚಲನಶಕ್ತಿ 1,15,000 ಜೂಲ್‌ಗಿಂತ ಹೆಚ್ಚು. ಉಳಿತಾಯ ಶೇಕಡಾ ಎರಡೂವರೆಯನ್ನೂ ಮುಟ್ಟುವುದಿಲ್ಲ. ಇದಲ್ಲದೆ ಇದು ಹೈಬ್ರಿಡ್. ಬ್ರೇಕ್ ಒತ್ತಿದಾಗ ಮೋಟಾರು ಜನರೇಟರ್ ಆಗಿ ಕೆಲಸ ಮಾಡಿ ಆ ಚಲನಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಸಾಮಾನ್ಯ ಕಾರಿನಲ್ಲಿ ಭಾರದ ಚಕ್ರವನ್ನು ತಿರುಗಿಸಲು ಹಾಕಿದ ಶಕ್ತಿಯೆಲ್ಲ ಬ್ರೇಕಿನ ಬಿಸಿಯಾಗಿ ಹೋಗುತ್ತದೆ; ಹೈಬ್ರಿಡ್‌ನಲ್ಲಿ ಅಷ್ಟೂ ಹೋಗುವುದಿಲ್ಲವಾದ್ದರಿಂದ, ಹಗುರ ರಿಮ್ಮಿನಿಂದ ಆಗುವ ಇಂಧನದ ಲಾಭವೂ ಅಷ್ಟರಮಟ್ಟಿಗೆ ಕಡಿಮೆಯೇ.

ಇದರ ಪಕ್ಕದಲ್ಲಿ ಟೈರಿನ ಉರುಳು ಪ್ರತಿರೋಧವನ್ನು ಇಟ್ಟು ನೋಡಿದೆ. ಭಾರ ಹೊತ್ತ ಟೈರು ನೆಲವನ್ನು ಮುಟ್ಟುವಲ್ಲಿ ಪ್ರತಿ ಸುತ್ತಿಗೂ ಬಾಗಿ ಮತ್ತೆ ನೆಟ್ಟಗಾಗುವಾಗ ರಬ್ಬರು ಬಿಸಿಯಾಗಿ ಶಕ್ತಿ ಕಳೆಯುತ್ತದೆ, ಮತ್ತು ಈ ಶಕ್ತಿಯನ್ನು ಯಾವ ಮೋಟಾರೂ ಮರಳಿ ತರಲಾರದು. 2021ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಐರೋಪ್ಯ ಟೈರ್ ಲೇಬಲ್ಲಿನಲ್ಲಿ ಕಾರಿನ ಟೈರುಗಳಿಗೆ ಎ ಇಂದ ಇ ವರೆಗೆ ಐದು ದರ್ಜೆಗಳಿವೆ: ಟೈರು ಹೊತ್ತ ಭಾರದ ಪ್ರತಿ ಟನ್ನಿಗೆ 6.5 ಕಿಲೋಗ್ರಾಂ ಬಲ ಅಥವಾ ಅದಕ್ಕಿಂತ ಕಡಿಮೆ ಪ್ರತಿರೋಧವಿದ್ದರೆ ಎ, 7.7ರವರೆಗೆ ಬಿ, 9.0ರವರೆಗೆ ಸಿ, 10.5ರವರೆಗೆ ಡಿ. ನನ್ನ ಅಳತೆಯಲ್ಲಿ ಸಿಕ್ಕ ಅತ್ಯಂತ ಹಗುರ ಟೈರು 6.2 ಕಿಲೋಗ್ರಾಂ ತೂಗುತ್ತಿತ್ತು, ಆದರೆ ಅದರ ದರ್ಜೆ ಡಿ. ಅದಕ್ಕಿಂತ ಅರ್ಧ ಕಿಲೋಗ್ರಾಂ ಭಾರವಾಗಿದ್ದ ಇನ್ನೊಂದು ಬಿ ದರ್ಜೆಯದು. ಬಿ ದರ್ಜೆಯ ಅತಿ ಕೆಟ್ಟ ಟೈರಿಗೂ ಡಿ ದರ್ಜೆಯ ಅತಿ ಒಳ್ಳೆಯ ಟೈರಿಗೂ ನಡುವಿನ ಅಂತರವನ್ನೇ ತೆಗೆದುಕೊಂಡರೂ ಟನ್ನಿಗೆ 1.4 ಕಿಲೋಗ್ರಾಂ ಆಗುತ್ತದೆ. 1,200 ಕಿಲೋಗ್ರಾಂ ಕಾರಿಗೆ ಅದು 16.5 ನ್ಯೂಟನ್ ಬಲ, ಕಿಲೋಮೀಟರ್ ಒಂದಕ್ಕೆ 16,500 ಜೂಲ್. ನಾಲ್ಕು ಹಗುರ ಚಕ್ರಗಳು ಸೇರಿ ಒಂದು ಸಲ ನಿಂತು ಹೊರಡುವಾಗ ಉಳಿಸುವ 2,800 ಜೂಲ್ ಇದಕ್ಕೆ ಸಮನಾಗಬೇಕಾದರೆ ಪ್ರತಿ ಕಿಲೋಮೀಟರಿನಲ್ಲೂ ಆರು ಬಾರಿ ಪೂರ್ತಿ ನಿಂತು ಮತ್ತೆ 50ಕ್ಕೆ ಏರಬೇಕು. ಈ ಲೆಕ್ಕ ಮುಗಿದಾಗ ನನ್ನ ಆಯ್ಕೆಯ ಕ್ರಮವೇ ತಿರುಗಿಬಿದ್ದಿತು. ಟೈರನ್ನು ದರ್ಜೆ ನೋಡಿ ಆರಿಸಬೇಕು, ತೂಕವನ್ನು ರಿಮ್ಮಿನಲ್ಲಿ ಇಳಿಸಬೇಕು, ಮತ್ತು ರಿಮ್ಮಿನಿಂದ ಮೈಲೇಜಿಗಿಂತ ಹೆಚ್ಚಾಗಿ ಓಟದ ಹಿತವನ್ನು ನಿರೀಕ್ಷಿಸಬೇಕು ಎಂದು ತೀರ್ಮಾನಿಸಿದೆ.

ರಿಮ್ ಹುಡುಕುವಾಗ ಒಂದು ದೊಡ್ಡ ಆಕರ್ಷಣೆಯನ್ನು ಬಿಡಬೇಕಾಯಿತು. 15 ಇಂಚಿನ ವ್ಯಾಸದಲ್ಲಿ ಸಿಗುವ ಹೆಸರಾಂತ ಹಗುರ ರಿಮ್ಮುಗಳಲ್ಲಿ ಅನೇಕವು ರೇಸಿನ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು, ಆದ್ದರಿಂದ ಅವುಗಳ ಅಗಲ 7 ಇಂಚು ಅಥವಾ ಇನ್ನೂ ಹೆಚ್ಚು. ನಾಲ್ಕೂವರೆ ಕಿಲೋಗ್ರಾಂ ಆಸುಪಾಸಿನ ಅಂಥದೊಂದನ್ನು ಕೈಯಲ್ಲಿ ಎತ್ತಿ ನೋಡಿದಾಗ ಕೊಳ್ಳದೆ ಬರಲು ಮನಸ್ಸಾಗಲಿಲ್ಲ. ಆದರೆ ನನ್ನ ಕಾರಿನ ಮೂಲ ಅಳತೆಯಾದ 175/65 ಆರ್15 ಟೈರಿಗೆ ಒಪ್ಪುವ ರಿಮ್ಮಿನ ಅಗಲ 5ರಿಂದ 6 ಇಂಚು ಮಾತ್ರ. 7 ಇಂಚಿನ ರಿಮ್ ಹಾಕಿದರೆ 195 ಅಗಲದ ಟೈರು ಬೇಕಾಗುತ್ತದೆ. ಟೈರಿನ ತೂಕ ಏರುತ್ತದೆ, ಗಾಳಿಗೆ ಒಡ್ಡುವ ಮುಖವೂ ಅಗಲವಾಗುತ್ತದೆ, ರಿಮ್ಮಿನಲ್ಲಿ ಗಳಿಸಿದ್ದನ್ನು ಟೈರಿನ ಹೊರ ಅಂಚಿನಲ್ಲಿ ಕಳೆದುಕೊಂಡಂತಾಗುತ್ತದೆ. ಅಲ್ಲದೆ 195/55 ಆರ್15ರ ವ್ಯಾಸ 595.5 ಮಿಲಿಮೀಟರ್, ನನ್ನ ಮೂಲ ಟೈರಿನದು 608.5. ವ್ಯಾಸ ಶೇಕಡಾ ಎರಡರಷ್ಟು ಕಡಿಮೆಯಾದರೆ ಓಡೋಮೀಟರ್ ಅಷ್ಟೇ ಹೆಚ್ಚು ದೂರ ತೋರಿಸುತ್ತದೆ, ಪರದೆಯ ಮೇಲೆ ಮೈಲೇಜೂ ಅಷ್ಟು ಏರಿದಂತೆ ಕಾಣುತ್ತದೆ. ಸಣ್ಣ ಚಕ್ರ ಹಾಕಿ ಲಾಭವಾಯಿತು ಎಂದು ಸಂತೋಷಪಡುವವರು ಈ ಒಂದು ಸಂಗತಿಯನ್ನು ದಯವಿಟ್ಟು ಪರೀಕ್ಷಿಸಿಕೊಳ್ಳಬೇಕು. ನಾನು ಮೂಲ ಅಳತೆಯ ಟೈರನ್ನೇ ಉಳಿಸಿಕೊಂಡು, ಐದೂವರೆ ಇಂಚು ಅಗಲದ, ಫ್ಲೋ ಫಾರ್ಮಿಂಗ್ ವಿಧಾನದಲ್ಲಿ ತಯಾರಾದ ರಿಮ್ ಆರಿಸಿದೆ. ಈ ವಿಧಾನದಲ್ಲಿ ಎರಕ ಹೊಯ್ದ ರಿಮ್ಮಿನ ಸುತ್ತುಪಟ್ಟಿಯನ್ನು ಬಿಸಿಯಾಗಿರುವಾಗಲೇ ತಿರುಗಿಸುತ್ತ ಉರುಳೆಗಳಿಂದ ಒತ್ತಿ ಹಿಗ್ಗಿಸುವುದರಿಂದ, ಪಟ್ಟಿ ತೆಳುವಾಗಿಯೂ ಬರಿಯ ಎರಕಕ್ಕಿಂತ ಗಟ್ಟಿಯಾಗಿಯೂ ಇರುತ್ತದೆ. ಇಳಿಯುವ ತೂಕ ಅಂಚಿನಲ್ಲೇ ಇಳಿಯುತ್ತದೆ ಎಂಬುದು ಅದರ ವಿಶೇಷ ಗುಣ. ಪೂರ್ತಿ ಫೋರ್ಜ್ ಮಾಡಿದ, ಅಂದರೆ ಲೋಹದ ಗಟ್ಟಿಯನ್ನು ಭಾರೀ ಒತ್ತಡದಲ್ಲಿ ಒತ್ತಿ ರೂಪಿಸಿದ ರಿಮ್ ಇನ್ನೂ ಹಗುರವಾಗಿರುತ್ತಿತ್ತು, ಆದರೆ ಮೇಲಿನ ಲೆಕ್ಕ ನೋಡಿದ ಮೇಲೆ ಅಷ್ಟು ಖರ್ಚಿಗೆ ಕಾರಣ ಕಾಣಲಿಲ್ಲ. ಹಗುರವೆಂದು ಹೇಳಿಕೊಳ್ಳುವ ರಿಮ್ಮಿನ ಮೇಲೆ ಅಲಾಯ್ ರಿಮ್ಮಿನ ಗಟ್ಟಿತನಕ್ಕೆ ಜಪಾನಿನಲ್ಲಿ ಕೊಡುವ ಜೆಡಬ್ಲ್ಯುಎಲ್ ಮತ್ತು ವಿಐಎ ಮುದ್ರೆಗಳು ಇಲ್ಲದಿದ್ದರೆ, ಅಥವಾ ಅದಕ್ಕೆ ಸಮನಾದ ಬೇರೆ ಪರೀಕ್ಷೆಯ ಗುರುತು ಇಲ್ಲದಿದ್ದರೆ, ನಾನು ಅದರ ಬಳಿ ಹೋಗಲಿಲ್ಲ. ಗುಂಡಿಗೆ ಬಿದ್ದಾಗ ಉಕ್ಕಿನ ರಿಮ್ ಸೊಟ್ಟಗಾಗುತ್ತದೆ; ಕಳಪೆ ಎರಕದ ರಿಮ್ ಬಿರುಕು ಬಿಡುತ್ತದೆ.

ಕೂರಿಸುವ ಅಳತೆಗಳು ಸುಲಭವಾಗಿ ಹೊಂದಿಕೊಂಡವು. ಮೂಲ ರಿಮ್ 15×5ಜೆ (ವ್ಯಾಸ 15, ಅಗಲ 5 ಇಂಚು), ಆಫ್‌ಸೆಟ್ (ರಿಮ್ಮಿನ ಅಗಲದ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖಕ್ಕೆ ಇರುವ ದೂರ) 39 ಮಿಲಿಮೀಟರ್, ಹೊಸದು 15×5.5ಜೆ, ಆಫ್‌ಸೆಟ್ 40. ಅಗಲ ಹೆಚ್ಚಿದ್ದರಿಂದ ಹೊರ ಅಂಚು ಸುಮಾರು 5 ಮಿಲಿಮೀಟರ್ ಹೊರಕ್ಕೂ ಒಳ ಅಂಚು ಸುಮಾರು 7 ಮಿಲಿಮೀಟರ್ ಒಳಕ್ಕೂ ಸರಿದವು. ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿದಾಗ ಏನೂ ತಾಗಲಿಲ್ಲ. ನಾಲ್ಕು ಬೋಲ್ಟುಗಳ ವೃತ್ತದ ವ್ಯಾಸ 100 ಮಿಲಿಮೀಟರ್ ಎರಡರಲ್ಲೂ ಒಂದೇ.

ಟೈರಿನಲ್ಲಿ ದರ್ಜೆಯ ಜೊತೆಗೆ ಇನ್ನೂ ಮೂರು ಸಂಗತಿಗಳನ್ನು ನೋಡಿದೆ. ಭಾರದ ಸೂಚ್ಯಂಕ 84, ಅಂದರೆ ಒಂದು ಟೈರಿಗೆ 500 ಕಿಲೋಗ್ರಾಂ. ಇದಕ್ಕಿಂತ ಕೆಳಗಿನದನ್ನು ತೂಕ ಕಡಿಮೆ ಎಂಬ ಕಾರಣಕ್ಕೆ ಒಪ್ಪಲಿಲ್ಲ. ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುವ ನಾಲ್ಕು ಅಂಕಿಗಳನ್ನು ಪ್ರತಿ ಟೈರಿನ ಪಕ್ಕದಲ್ಲೂ ಓದಿದೆ. ಒದ್ದೆ ರಸ್ತೆಯ ಹಿಡಿತ ನನಗೆ ಮೈಲೇಜಿಗಿಂತ ಮುಖ್ಯ. ಮೊದಲೆಲ್ಲ ಉರುಳು ಪ್ರತಿರೋಧ ಇಳಿಸಿದರೆ ಮಳೆಯಲ್ಲಿ ಹಿಡಿತವೂ ಇಳಿಯುತ್ತಿತ್ತು. 1992ರಲ್ಲಿ ಮಿಷಲಿನ್ ಸಂಸ್ಥೆ ಟ್ರೆಡ್ಡಿನ ಮಿಶ್ರಣದಲ್ಲಿ ಕಾರ್ಬನ್ ಕಪ್ಪಿನ ಬಹುಪಾಲನ್ನು ಸಿಲಿಕಾದಿಂದ ಬದಲಿಸಿದ ಟೈರುಗಳನ್ನು ತಂದ ಮೇಲೆ ಈ ಎರಡನ್ನೂ ಒಟ್ಟಿಗೆ ಪಡೆಯುವ ದಾರಿ ತೆರೆಯಿತು. ನಾನು ಕೊಂಡ ಟೈರಿನ ಒದ್ದೆ ಹಿಡಿತವೂ ಬಿ ದರ್ಜೆಯದೇ.

ಜೋಡಿಸಿದ ದಿನ ಕಾರು ಗಂಟೆಗೆ 80 ಕಿಲೋಮೀಟರ್ ದಾಟುತ್ತಿದ್ದಂತೆ ಸ್ಟಿಯರಿಂಗ್ ನಡುಗತೊಡಗಿತು. ಬ್ಯಾಲೆನ್ಸಿಂಗ್ ಮತ್ತೆ ಮಾಡಿಸಿದರೂ ಹೋಗಲಿಲ್ಲ. ಚಕ್ರ ಬಿಚ್ಚಿ ನೋಡಿದಾಗ ಕಾರಣ ಕಣ್ಣಿಗೆ ಬಿತ್ತು: ಚಕ್ರ ಕೂರುವ ಕಾರಿನ ಹಬ್‌ನ ನಡುವಿನ ಗುಬುಟಿನ ವ್ಯಾಸ 54.1 ಮಿಲಿಮೀಟರ್, ಬೇರೆ ಬೇರೆ ಕಾರುಗಳಿಗೆ ಹೊಂದಲೆಂದು ರಿಮ್ಮಿನ ನಡುತೂತನ್ನು 67.1 ಇಟ್ಟಿರುತ್ತಾರೆ, ನಡುವಿನ ಸಂದನ್ನು ತುಂಬಬೇಕಾದ ಉಂಗುರಗಳನ್ನು ಜೋಡಿಸಿದವರು ಹಾಕಿರಲೇ ಇಲ್ಲ. ಅಲ್ಯುಮಿನಿಯಂ ಉಂಗುರಗಳನ್ನು ತರಿಸಿ, ಕಾರನ್ನು ಜಾಕಿನ ಮೇಲೆ ಎತ್ತಿರುವಾಗಲೇ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಕೆಳಗಿಳಿಸಿದ ಮೇಲೆ ಟಾರ್ಕ್ ರೆಂಚಿನಿಂದ ಕೈಪಿಡಿಯಲ್ಲಿ ಹೇಳಿದ 103 ನ್ಯೂಟನ್ ಮೀಟರಿಗೆ ತಂದೆ. ನಡುಕ ಪೂರ್ತಿ ನಿಂತಿತು. ನಟ್ಟಿನ ತಳದ ಆಕಾರವನ್ನೂ ಅದೇ ಹೊತ್ತಿಗೆ ಪರಿಶೀಲಿಸಿದೆ. ಕೆಲವು ಕಾರುಗಳ ಮೂಲ ಅಲಾಯ್ ರಿಮ್ಮಿಗೆ ಚಪ್ಪಟೆ ವಾಷರಿನ ನಟ್, ಹೋಂಡಾ ಕಾರುಗಳಿಗೆ ಗುಂಡು ತಳದ ನಟ್ ಇರುತ್ತವೆ. ಹೊರಗಿನಿಂದ ಕೊಳ್ಳುವ ರಿಮ್ಮಿಗೆ ಸಾಮಾನ್ಯವಾಗಿ 60 ಡಿಗ್ರಿ ಶಂಕುವಿನ ತಳ ಬೇಕು. ನನ್ನ ಹೊಸ ನಟ್ಟುಗಳು ಉಕ್ಕಿನ ಸ್ಟೆಪ್ನಿಗೂ ಸರಿಯಾಗಿ ಕೂರುತ್ತವೆ ಎಂಬುದನ್ನು ಅಂದೇ ಹಾಕಿ ತೆಗೆದು ಖಚಿತಪಡಿಸಿಕೊಂಡೆ. ನೂರು ಕಿಲೋಮೀಟರ್ ಓಡಿದ ನಂತರ ಮತ್ತೊಮ್ಮೆ ರೆಂಚ್ ಹಿಡಿದಾಗ ಎರಡು ನಟ್ಟುಗಳು ತುಸು ತಿರುಗಿದವು.

ಫಲಿತಾಂಶವನ್ನು ಟ್ಯಾಂಕ್ ತುಂಬಿಸಿದ ಲೆಕ್ಕದಿಂದಲೇ ಅಳೆದೆ, ಪರದೆಯ ಅಂಕಿಯಿಂದಲ್ಲ. ಸವೆದ ಹಳೆಯ ಟೈರುಗಳಲ್ಲಿ ಕೊನೆಯ ಐದು ಟ್ಯಾಂಕುಗಳ ಸರಾಸರಿ ಲೀಟರಿಗೆ 23.8 ಕಿಲೋಮೀಟರ್ ಇತ್ತು. ಹೊಸ ಜೋಡಣೆಯ ಮೊದಲ ಎರಡು ಟ್ಯಾಂಕುಗಳಲ್ಲಿ ಅದು 23.2ಕ್ಕೆ ಇಳಿಯಿತು. ಇದರಿಂದ ನಿರಾಶೆಯಾಯಿತಾದರೂ ಕಾರಣ ಸ್ಪಷ್ಟವಾಗಿತ್ತು: ಹೊಸ ಟೈರಿನ ದಪ್ಪ ಟ್ರೆಡ್ಡಿನಲ್ಲಿ ಬಾಗುವ ರಬ್ಬರು ಹೆಚ್ಚು, ಆದ್ದರಿಂದ ಒಂದೇ ಮಾದರಿಯ ಸವೆದ ಟೈರಿಗಿಂತ ಹೊಸದರ ಪ್ರತಿರೋಧ ಯಾವಾಗಲೂ ಹೆಚ್ಚು. ಗಾಳಿಯನ್ನು ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಇರುವಷ್ಟೇ, ಟೈರು ತಣ್ಣಗಿರುವಾಗ, ಎರಡು ವಾರಕ್ಕೊಮ್ಮೆ ನೋಡುತ್ತ ಬಂದೆ. ಐದು ಸಾವಿರ ಕಿಲೋಮೀಟರ್ ದಾಟಿದ ನಂತರದ ಐದು ಟ್ಯಾಂಕುಗಳ ಸರಾಸರಿ 24.5. ಈ ಹೆಚ್ಚಳದಲ್ಲಿ ರಿಮ್ಮಿನ ಪಾಲು ಬಹಳ ಸಣ್ಣದೆಂದು ನನ್ನ ಲೆಕ್ಕವೇ ಹೇಳುತ್ತದೆ.

ರಿಮ್ಮಿನ ನಿಜವಾದ ಪ್ರತಿಫಲ ಬೇರೆ ಕಡೆ ಸಿಕ್ಕಿತು. ಸ್ಪ್ರಿಂಗಿನ ಕೆಳಗಿನ ತೂಕ ಇಳಿದರೆ ಚಕ್ರ ರಸ್ತೆಯ ಏರುತಗ್ಗುಗಳನ್ನು ಬೇಗ ಅನುಸರಿಸುತ್ತದೆ, ಶಾಕ್ ಅಬ್ಸಾರ್ಬರಿಗೆ ತಡೆಯಬೇಕಾದ ಕುಣಿತ ಕಡಿಮೆಯಾಗುತ್ತದೆ. ಸಾಲಾಗಿ ತೇಪೆ ಹಾಕಿದ ರಸ್ತೆಯಲ್ಲಿ ಮೊದಲು ಹಿಂದಿನ ಆಸನದವರಿಗೆ ತಾಗುತ್ತಿದ್ದ ಒರಟು ಬಡಿತ ಈಗ ಮೃದುವಾಗಿದೆ; ನಾನು ಏನನ್ನೂ ಹೇಳದೆ ಇದ್ದಾಗಲೇ ಮನೆಯವರು ಅದನ್ನು ಗಮನಿಸಿ ಕೇಳಿದರು. ಬೇರೆ ಯಾವ ಟೈರೂ ಹೆಚ್ಚು ಹಗುರವಾಗಿ ಸಿಕ್ಕರೂ, ಮುಂದಿನ ಸಲ ಟೈರು ಬದಲಿಸುವಾಗ ಇದೇ ಅಳತೆಯಲ್ಲಿ ಎ ದರ್ಜೆಯದನ್ನು ಹುಡುಕಬೇಕೆಂದಿದ್ದೇನೆ. ರಿಮ್ಮುಗಳು ಇವೇ ಇರುತ್ತವೆ.